ಓದುಗರ ಪ್ರಶ್ನೆ: ಬೆಲೆ ಬದಲಾದರೆ ಉತ್ತರವೂ ಬದಲು

ಪ್ರಶ್ನೆ: ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ಗೆ ಓದುತ್ತಿದ್ದೇನೆ. ಡೇಟಾ ಸಫಿಶಿಯನ್ಸಿಯಲ್ಲಿ, ಅಂದರೆ ಕೊಟ್ಟ ಎರಡು ಹೇಳಿಕೆಗಳು ಉತ್ತರಕ್ಕೆ ಸಾಕೇ ಅಂತ ಕೇಳುವ ಪ್ರಶ್ನೆಗಳಲ್ಲಿ, ಲೆಕ್ಕ ಸರಿ ಬರುತ್ತದೆ, ಆಯ್ಕೆ ಮಾತ್ರ ತಪ್ಪುತ್ತದೆ. ‘ಎರಡೂ ಹೇಳಿಕೆ ಸೇರಿದರೆ ಸಾಕು’ ಅನ್ನುವ ಸಿ ಆಯ್ಕೆಗೇ ಹೆಚ್ಚಾಗಿ ಗುರುತು ಹಾಕುತ್ತೇನೆ. ಎಲ್ಲಿ ಎಡವುತ್ತಿದ್ದೇನೆ?
– ಗಂಗಾವತಿಯ ಓದುಗರು

ಉತ್ತರ: ಎರಡು ಹೇಳಿಕೆಗಳನ್ನು ನೀವು ಬೇಗ ಕೂಡಿಸಿಬಿಡುತ್ತಿದ್ದೀರಿ. ನಿಮ್ಮೂರಿನ ಮಂಡಕ್ಕಿ ಒಗ್ಗರಣೆ–ಮಿರ್ಚಿಯಲ್ಲೇ ನೋಡೋಣ. ಒಗ್ಗರಣೆ ಪ್ಲೇಟಿಗೆ 30 ರೂಪಾಯಿ, ಮಿರ್ಚಿ ಒಂದಕ್ಕೆ 7 ರೂಪಾಯಿ ಅಂದುಕೊಳ್ಳಿ. ಎರಡನ್ನೂ ತಗೊಂಡವರು ಎಷ್ಟು ಮಿರ್ಚಿ ತಗೊಂಡರು? ಹೇಳಿಕೆ 1: ಬಿಲ್ಲು 88 ರೂಪಾಯಿ. ಹೇಳಿಕೆ 2: ಪ್ಲೇಟು, ಮಿರ್ಚಿ ಸೇರಿ ಒಟ್ಟು 6.

ಗೊತ್ತಿಲ್ಲದ್ದು ಎರಡು, ಸಮೀಕರಣವೂ ಎರಡು ಬೇಕು ಅಂತ ಕೈ ಸಿ ಕಡೆ ಹೋಗುತ್ತದೆ. ಅಲ್ಲೇ ನಿಲ್ಲಿ. 88ರಲ್ಲಿ ಒಂದು ಪ್ಲೇಟು ಕಳೆದರೆ 58, ಅದು 7ರಿಂದ ಭಾಗವಾಗುವುದಿಲ್ಲ. ಎರಡು ಪ್ಲೇಟು ಕಳೆದರೆ 28, ಅಂದರೆ 4 ಮಿರ್ಚಿ. ಮೂರು ಪ್ಲೇಟಿಗೇ 90 ಆಗುತ್ತದೆ. ಬೇರೆ ದಾರಿಯಿಲ್ಲ. ಒಂದನೇ ಹೇಳಿಕೆಯೊಂದೇ ಸಾಕು, ಬರೀ ಎರಡನೆಯದರಿಂದ ಮಿರ್ಚಿ ಎಷ್ಟೆಂದು ಗೊತ್ತಾಗದು. ಉತ್ತರ ಎ.

ಈಗ ಮಿರ್ಚಿ 10 ರೂಪಾಯಿ, ಬಿಲ್ಲು 100 ಅಂತ ಬದಲಿಸಿ. ಪ್ಲೇಟು 1 ಆದರೆ ಮಿರ್ಚಿ 7, ಪ್ಲೇಟು 2 ಆದರೆ 4, ಪ್ಲೇಟು 3 ಆದರೆ 1. ಮೂರೂ ಹೊಂದುತ್ತವೆ. ಒಟ್ಟು 6 ಅಂದಾಗ ಮಾತ್ರ 4 ಗಟ್ಟಿಯಾಗುತ್ತದೆ. ಈಗ ಸಿ ಸರಿ. ಎರಡರಲ್ಲೂ ಮಿರ್ಚಿ ನಾಲ್ಕೇ, ಆಯ್ಕೆ ಬೇರೆ. ಬಿಡಿಯಾಗಿ ಎಣಿಸುವ ವಸ್ತು ಬಂದಾಗಲೆಲ್ಲ ಹೀಗೆ ಒಂದೊಂದೇ ಹಾಕಿ ನೋಡಲೇಬೇಕು.

ಒಂದನೇ ಹೇಳಿಕೆ ಸಾಕಾದರೆ ಉಳಿಯುವುದು ಎ (ಒಂದನೆಯದು ಮಾತ್ರ ಸಾಕು), ಡಿ (ಎರಡರಲ್ಲಿ ಯಾವುದೊಂದಾದರೂ ಸಾಕು) ಮಾತ್ರ. ಸಾಲದಿದ್ದರೆ ಬಿ (ಎರಡನೆಯದು ಮಾತ್ರ ಸಾಕು), ಸಿ, ಇ (ಎರಡೂ ಸೇರಿದರೂ ಸಾಲದು). ಇದನ್ನು ರಫ್ ಹಾಳೆಯಲ್ಲಿ ಬರೆದು ಹೊಡೆದುಹಾಕುತ್ತಾ ಹೋಗಿ. ಎರಡನೇ ಹೇಳಿಕೆ ಓದುವಾಗ ಮೊದಲನೆಯದನ್ನು ಕೈಯಿಂದ ಮುಚ್ಚಿ, ನಿಜವಾಗಿಯೂ ಮುಚ್ಚಿ. ಇನ್ನೊಂದು ಮಾತು: ಈ ಪರೀಕ್ಷೆಯಲ್ಲಿ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧ ಇರುವುದಿಲ್ಲ. ಒಂದರಿಂದ 4, ಇನ್ನೊಂದರಿಂದ 6 ಬಂದರೆ ನಿಮ್ಮ ಲೆಕ್ಕ ತಪ್ಪಿದೆ.

ಪ್ರಶ್ನೆ: ‘x 10ಕ್ಕಿಂತ ದೊಡ್ಡದೇ?’ ಅಂತ ಕೇಳಿ, x ವರ್ಗ 49 ಅಂತ ಕೊಟ್ಟಿದ್ದರು. x 7 ಆಗಬಹುದು, –7 ಆಗಬಹುದು, ಆದ್ದರಿಂದ ಸಾಲದು ಅಂದೆ. ತಪ್ಪಾಯಿತು.
– ಸಿಂಧನೂರಿನ ಓದುಗರು

ಉತ್ತರ: ಕೇಳಿದ್ದು x ಎಷ್ಟು ಅಂತಲ್ಲ. 7 ಆದರೂ –7 ಆದರೂ 10ಕ್ಕಿಂತ ದೊಡ್ಡದಲ್ಲ. ಖಚಿತವಾಗಿ ‘ಅಲ್ಲ’ ಬಂದರೂ ಮಾಹಿತಿ ಸಾಕು. ಒಮ್ಮೆ ಹೌದು, ಒಮ್ಮೆ ಅಲ್ಲ ಬಂದಾಗ ಮಾತ್ರ ಸಾಲದು. ಅದನ್ನು ಹಿಡಿಯಲು 0, 1, –1, ಅರ್ಧ ಇವನ್ನು ಹಾಕಿ ನೋಡಿ. ‘3n ಸಮಸಂಖ್ಯೆ, n ಸಮವೇ?’ ಅಂದರೆ ಹೌದು ಅನ್ನಿಸುತ್ತದೆ. ಆದರೆ n ಪೂರ್ಣಾಂಕ ಅಂತ ಹೇಳಿರದಿದ್ದರೆ ಅದು ಮೂರನೇ ಎರಡು ಭಾಗವೂ ಆಗಬಹುದು.

ಪ್ರಶ್ನೆ: ಡೇಟಾ ಸಫಿಶಿಯನ್ಸಿಯ ಒಂದು ಲೆಕ್ಕಕ್ಕೆ ಎಷ್ಟು ಸಮಯ? ಬ್ಯಾಂಕ್ ಪರೀಕ್ಷೆಗೂ ಇದೇ ಅಭ್ಯಾಸ ಆದೀತೇ?
– ಕೊಪ್ಪಳದ ಓದುಗರು

ಉತ್ತರ: ಜಿಮ್ಯಾಟ್‌ನಲ್ಲಿ ಇವು ಈಗ ಡೇಟಾ ಇನ್‌ಸೈಟ್ಸ್ ಭಾಗದಲ್ಲಿವೆ: 45 ನಿಮಿಷ, 20 ಪ್ರಶ್ನೆ, ಸರಾಸರಿ ಎರಡೂಕಾಲು ನಿಮಿಷ. ಬೇರೆ ಬಗೆಯ ಕೋಷ್ಟಕದ ಪ್ರಶ್ನೆಗಳು ಹೆಚ್ಚು ಹೊತ್ತು ತಿನ್ನುವುದರಿಂದ ಇವನ್ನು ಎರಡು ನಿಮಿಷದೊಳಗೆ ಮುಗಿಸಿ. ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ, ಆದರೆ ಇಲ್ಲಿ ಅದಕ್ಕೆ ಕೈ ಹಾಕಬೇಕು ಅನ್ನಿಸಿದರೆ ಬೇಡದ ಲೆಕ್ಕಕ್ಕೆ ಇಳಿದಿದ್ದೀರಿ ಅಂತಲೇ ಅರ್ಥ. ಬ್ಯಾಂಕ್ ಪರೀಕ್ಷೆಗೂ ವಿಧಾನ ಇದೇ. ಆದರೆ ಆಯ್ಕೆಗಳ ಕ್ರಮ ಬೇರೆ ಇರಬಹುದು, ಮೂರು ಹೇಳಿಕೆಗಳೂ ಬರಬಹುದು. ಎ, ಬಿ ಅಂತ ಬಾಯಿಪಾಠ ಮಾಡಿದ್ದನ್ನು ನಂಬಬೇಡಿ, ಆ ಪ್ರಶ್ನೆಯ ಕೆಳಗೆ ಅಚ್ಚಾದ ಆಯ್ಕೆಗಳನ್ನು ಓದಿಯೇ ಗುರುತು ಹಾಕಿ.