ಮಳೆ ಲೆಕ್ಕದ ಜಾಲತಾಣ, ಇಬ್ಬರು ಗೆಳೆಯರು: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವ ಉಪನ್ಯಾಸಕರು ಹೆಂಡತಿಯ ಒತ್ತಾಯಕ್ಕೆ ನನ್ನ ಬಳಿ ಬಂದರು. ಅವರಿಗೆ ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಮಕ್ಕಳು ಎದುರು ಬಂದರೂ ಸಿಡುಕು. "ರಾತ್ರಿ ಎರಡು ಗಂಟೆಯಾದರೂ ಇವರು ಮೊಬೈಲಿನಲ್ಲಿ ಹಳೆಯ ಸಂದೇಶಗಳನ್ನೇ ತಿರುವಿ ಹಾಕುತ್ತಿರುತ್ತಾರೆ ಮೇಡಂ" ಎಂದರು ಹೆಂಡತಿ.

ಇಷ್ಟಕ್ಕೆಲ್ಲ ಕಾರಣ ಒಂದು ಜಾಲತಾಣ. ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ ಗೆಳೆಯನೊಂದಿಗೆ ಸೇರಿ ಕಟ್ಟಿದ್ದು. ಯಾವ ತೋಟದಲ್ಲಿ ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಮಳೆಯಾಯಿತು ಎಂಬ ಲೆಕ್ಕ ಪ್ರತಿ ಬೆಳಿಗ್ಗೆ ಅದಕ್ಕೆ ಬರುತ್ತದೆ. ಯಾರು ಬೇಕಾದರೂ ನೋಡಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಹದವಾಗಿ ಬಿದ್ದರೆ ರೋಬಸ್ಟಾ ಕಾಫಿಯ ಹೂ ಚೆನ್ನಾಗಿ ಅರಳುತ್ತದೆ. ನಾಲ್ಕು ಹನಿ ಬಿದ್ದು ನಿಂತರೆ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕು. ಸುತ್ತಲಿನ ತೋಟಗಳ ಅಂಕಿ ಕೈಯಲ್ಲಿದ್ದರೆ ತೀರ್ಮಾನ ಸುಲಭ. ಹಾಗಾಗಿ ಬೆಳೆಗಾರರು ಅದನ್ನು ನೆಚ್ಚಿಕೊಂಡಿದ್ದರು. ಸಭೆಯೊಂದರಲ್ಲಿ ಗೆಳೆಯನಿಗೆ ಶಾಲು ಹೊದಿಸಿ, ಹಾರ ಹಾಕಿದರು. ಮರುದಿನದ ಪತ್ರಿಕೆಯಲ್ಲಿ ಅವರೇ ಜಾಲತಾಣದ ರೂವಾರಿ; ಉಪನ್ಯಾಸಕರ ಹೆಸರು ಎಲ್ಲೂ ಇರಲಿಲ್ಲ. ಅಂದು ರಾತ್ರಿಯೇ ಇವರು ಪಾಸ್‌ವರ್ಡ್ ಬದಲಿಸಿ ಜಾಲತಾಣವನ್ನು ಮುಚ್ಚಿದರು. ಅದೂ ಹೂಮಳೆಗೆ ಎಲ್ಲರೂ ಕಾದು ಕುಳಿತಿದ್ದ ಹೊತ್ತಿನಲ್ಲಿ.

"ಮೂರು ವರ್ಷ ನಿದ್ದೆಗೆಟ್ಟು ಒಂದೊಂದು ಸಾಲು ಕೋಡನ್ನೂ ನಾನೇ ಬರೆದೆ. ಅವನು ತೋಟದಿಂದ ತೋಟಕ್ಕೆ ಓಡಾಡಿದ, ಅಷ್ಟೆ. ವೆಬ್ ಕಟ್ಟಿದವರು ಯಾರೆಂದರೆ ಟಿಮ್ ಬರ್ನರ್ಸ್-ಲೀ ಎನ್ನುತ್ತೇವೆ. ಓಡಾಡಿದವರ ಹೆಸರು ಹೇಳುತ್ತೇವೆಯೇ?"

ಹೀಗೆ ನೊಂದವರಿಗೆ "ಹೆಸರಿನ ಹಂಬಲ ಬಿಡಿ" ಎನ್ನುವವರು ಬಹಳ. ಅದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ದುಡಿದವರು ತಮ್ಮ ದುಡಿಮೆ ನಾಲ್ಕು ಜನರಿಗೆ ತಿಳಿಯಲಿ ಎಂದು ಬಯಸುವುದು ನ್ಯಾಯವಾದ ಬಯಕೆ. ಕಾನೂನೂ ಅದನ್ನು ಮನ್ನಿಸುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸುತ್ತದೆ. ಹಕ್ಕನ್ನು ಮಾರಿಕೊಂಡ ಮೇಲೂ "ಇದನ್ನು ಬರೆದವನು ನಾನು" ಎಂದು ಹೇಳಿಕೊಳ್ಳುವ ಅಧಿಕಾರ 57ನೇ ಕಲಮಿನಂತೆ ಕರ್ತೃವಿಗೆ ಉಳಿಯುತ್ತದೆ. ಇದನ್ನು ಅವರಿಗೆ ಮೊದಲೇ ಹೇಳಿದೆ. ಆದರೆ ಇಂತಲ್ಲಿ ಇಷ್ಟು ಮಳೆ ಬಿತ್ತು ಎಂಬ ಸಂಗತಿ ಯಾರ ಸ್ವತ್ತೂ ಅಲ್ಲ ಎಂಬುದನ್ನೂ ಸೇರಿಸಿದೆ.

ಆಮೇಲೆ ಅವರೇ ಎತ್ತಿದ ಮಾತನ್ನು ಮುಂದುವರಿಸಿದೆವು. ಬರ್ನರ್ಸ್-ಲೀ 1989ರಲ್ಲಿ ಜಿನೀವಾದ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್‌ನಲ್ಲಿ ಮೊದಲ ಪ್ರಸ್ತಾವ ಬರೆದರು. 1990ರ ನವೆಂಬರ್‌ನಲ್ಲಿ ಹೊಸ ಪ್ರಸ್ತಾವ ಹೋದಾಗ ಅದರ ಮೇಲೆ ಎರಡು ಹೆಸರುಗಳಿದ್ದವು. ಎರಡನೆಯದು ಬೆಲ್ಜಿಯಂನ ಎಂಜಿನಿಯರ್ ರಾಬರ್ಟ್ ಕೈಯೋ ಅವರದು. ಹಣಕ್ಕಾಗಿ, ಕೆಲಸಗಾರರಿಗಾಗಿ ಸಂಸ್ಥೆಯೊಳಗೆ ಓಡಾಡಿದವರು ಅವರು; 1994ರ ಮೊದಲ ಅಂತರರಾಷ್ಟ್ರೀಯ ವೆಬ್ ಸಮ್ಮೇಳನವನ್ನು ಸಂಘಟಿಸಿದವರೂ ಅವರೇ. ಇನ್ನು, ಕೊಂಡಿಗಳ ಮೂಲಕ ಬರಹದಿಂದ ಬರಹಕ್ಕೆ ಹೋಗುವ ಕಲ್ಪನೆಯ ಮೇಲೆ ಟೆಡ್ ನೆಲ್ಸನ್, ಡಗ್ಲಸ್ ಎಂಗೆಲ್‌ಬಾರ್ಟ್ 1960ರ ದಶಕದಲ್ಲೇ ದುಡಿದಿದ್ದರು. ಉಪನ್ಯಾಸಕರು ಇದನ್ನೆಲ್ಲ ತರಗತಿಯಲ್ಲಿ ಪಾಠ ಮಾಡಿದವರು. ತಮ್ಮ ಗೆಳೆಯನನ್ನು ಕೈಯೋ ಅವರ ಪಕ್ಕದಲ್ಲಿಟ್ಟು ನೋಡಿರಲಿಲ್ಲ, ಅಷ್ಟೆ.

ಒಂದು ಹಾಳೆ ಕೊಟ್ಟು, ಯೋಚನೆ ಯಾರದು, ಕೋಡ್ ಯಾರದು, ತೋಟದವರನ್ನು ಒಪ್ಪಿಸಿದ್ದು ಯಾರು, ಅಂಕಿ ಕೊಡುವವರು ಯಾರು ಎಂದು ಬೇರೆಬೇರೆಯಾಗಿ ಬರೆಯಲು ಹೇಳಿದೆ. ಅಂಕಿಯ ಮುಂದೆ "ತೋಟದ ಮಾಲೀಕರು" ಎಂದು ಬರೆದರು. ಬೆಳಿಗ್ಗೆ ಮಳೆಮಾಪಕದ ಬಳಿಗೆ ಹೋಗುವವರು ಮಾಲೀಕರೇ ಎಂದು ಕೇಳಿದೆ. ಅಲ್ಲ. ಹೆಚ್ಚಿನ ತೋಟಗಳಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಹೋಗುತ್ತಾರೆ. ಒಂದು ತೋಟದಲ್ಲಿ ಲೈನ್ ಮನೆಯ (ಕೂಲಿಕಾರರ ವಸತಿಯ) ಹೆಂಗಸೊಬ್ಬರು ಡಬ್ಬಿಯ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ರೈಟರಿಗೆ ಹೇಳಿ ಬರೆಸುತ್ತಾರೆ. ಹಾಳೆಯನ್ನೇ ನೋಡುತ್ತಾ ಕುಳಿತಿದ್ದ ಉಪನ್ಯಾಸಕರು ಎನಿಯಾಕ್ ಕಥೆಯನ್ನು ತಾವೇ ತೆಗೆದರು: 1946ರಲ್ಲಿ ಆ ಗಣಕವನ್ನು ಜಗತ್ತಿಗೆ ತೋರಿಸಿದಾಗ ಅದಕ್ಕೆ ಪ್ರೋಗ್ರಾಂ ರೂಪಿಸಿದ ಆರು ಮಹಿಳೆಯರಿಗೆ ಮನ್ನಣೆ ಸಿಗಲಿಲ್ಲ, ಸಿಗಲು ದಶಕಗಳೇ ಹಿಡಿದವು. "ನಾನೂ ಇವರ ಹೆಸರು ಹಾಕಿಲ್ಲ ಮೇಡಂ" ಎಂದರು.

ನಾನು ಕೊಟ್ಟ ಸಲಹೆ ಇದು. ಯಾವ ಷರತ್ತೂ ಇಲ್ಲದೆ ಮೊದಲು ಜಾಲತಾಣವನ್ನು ತೆರೆಯಿರಿ. ಬೆಳೆಗಾರರು ನಿಮಗೆ ಅನ್ಯಾಯ ಮಾಡಿದವರಲ್ಲ. ಗೆಳೆಯನನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿ, ಸಂದೇಶದಲ್ಲಿ ಬೇಡ. "ನನಗೆ ಮೋಸ ಮಾಡಿದೆ" ಎಂದು ಶುರು ಮಾಡಿದರೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. ಬೇಕಾದದ್ದನ್ನು ನೇರವಾಗಿ ಕೇಳಿ: ಮುಂದಿನ ಸಭೆಯಲ್ಲಿ ನಿಮ್ಮ ಹೆಸರು ಹೇಳಬೇಕು, ಪತ್ರಿಕೆಗೆ ಇಬ್ಬರೂ ಸಹಿ ಹಾಕಿ ತಿದ್ದುಪಡಿ ಕಳುಹಿಸಬೇಕು. ಯಾರು ಯಾವ ಕೆಲಸ ಮಾಡಿದರೆಂದು ಜಾಲತಾಣದಲ್ಲೇ ಬರೆದಿಡಿ, ಮಳೆ ಅಳೆಯುವವರನ್ನು ಕೇಳಿ ಅವರ ಹೆಸರನ್ನೂ ಸೇರಿಸಿ. ವಕೀಲರ ನೋಟಿಸ್ ಕಳುಹಿಸುವುದು ನಿಮ್ಮ ಹಕ್ಕು, ಆದರೆ ಮಾತುಕತೆ ಮುರಿದು ಬಿದ್ದ ಮೇಲೆ ಸಾಕು. ರಾತ್ರಿ ಮೊಬೈಲ್ ಮಲಗುವ ಕೋಣೆಯ ಹೊರಗಿರಲಿ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ನಡುರಾತ್ರಿ ತಡೆಯಲಾಗದಿದ್ದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಉಚಿತವಾಗಿ ಕರೆ ಮಾಡಬಹುದು.

ಜಾಲತಾಣ ಮರುದಿನವೇ ತೆರೆಯಿತು. ಗೆಳೆಯ ಮೊದಲು ರೇಗಿದರಂತೆ: "ಮಳೆಗಾಲಕ್ಕೆ ಮುಂಚೆ ಎಲ್ಲರ ಕಣ್ಣು ಕಟ್ಟಿಬಿಟ್ಟೆಯಲ್ಲ!" ಆ ಮಾತನ್ನು ಉಪನ್ಯಾಸಕರು ಒಪ್ಪಿಕೊಂಡು ಕ್ಷಮೆ ಕೇಳಿದ ಮೇಲೆ, ವೇದಿಕೆಯಲ್ಲಿ ಹೆಸರು ಹೇಳದಿದ್ದದ್ದು ತಪ್ಪು ಎಂದು ಅವರೂ ಒಪ್ಪಿದರು. ಮುಂದಿನ ಸಭೆಯಲ್ಲಿ ಹೆಸರು ಹೇಳಿದರು. ಪತ್ರಿಕೆಯ ತಿದ್ದುಪಡಿ ಇನ್ನೂ ಅಚ್ಚಾಗಿಲ್ಲ. ಉಪನ್ಯಾಸಕರಿಗೆ ನಿದ್ದೆ ಬರುತ್ತಿದೆ, ಆದರೆ ಗೆಳೆಯನ ಮನೆಗೆ ಹೋಗಲು ಮನಸ್ಸು ಇನ್ನೂ ಒಪ್ಪಿಲ್ಲ. ಅವಸರ ಬೇಡವೆಂದಿದ್ದೇನೆ. ಮುಂದಿನ ತಿಂಗಳು ಇಬ್ಬರನ್ನೂ ಒಟ್ಟಿಗೆ ಬರಲು ಹೇಳಿದ್ದೇನೆ.