ಸೆಪ್ಟೆಂಬರ್‌ನಲ್ಲಿ ದಾವಣಗೆರೆ, ಚಿತ್ರದುರ್ಗದ ಕಡೆ ವಲಸೆ ಹಾಡುಹಕ್ಕಿಗಳು ಸಿಗುತ್ತವಾ?

ಖಂಡಿತ ಸಿಗುತ್ತವೆ. ಆದರೆ ಡಿಸೆಂಬರ್‌ನ ಬಾತುಕೋಳಿಗಳ ಹಾಗೆ ಹಿಂಡುಹಿಂಡಾಗಿ ಕೆರೆ ಮೇಲೆ ತೇಲುವುದಿಲ್ಲ. ಹೆಚ್ಚಿನವು ಒಂದೊಂದೇ ಬಂದು ಪೊದೆ ಸೇರಿಕೊಳ್ಳುತ್ತವೆ.

ಮೊದಲು ಬರುವವರಲ್ಲಿ ಬೂದು ಸಿಪಿಲೆ ಒಂದು. ಹಿಮಾಲಯದ ಕಡೆ ಮರಿ ಮಾಡಿ ಇಲ್ಲಿಗೆ ಇಳಿಯುತ್ತದೆ. ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಕಾಡಿನಲ್ಲಿ ಮಳೆನೀರು ಹರಿಯುವ ಕಡೆ ಸುಮ್ನೆ ಕೂತುಕೊಳ್ಳಿ. ಬೆನ್ನು ಬೂದಿ ಬಣ್ಣ, ಬಾಲದ ಬುಡ ನಿಂಬೆಹಳದಿ. ಕಲ್ಲಿನಿಂದ ಕಲ್ಲಿಗೆ ಹಾರಿ, ನಿಂತಲ್ಲೇ ಆ ಉದ್ದ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಉಲಿಯಕ್ಕಿಗಳನ್ನು (ವಾರ್ಬ್ಲರ್) ಹುಡುಕುವುದು ಸ್ವಲ್ಪ ಕಷ್ಟ. ಅದರಲ್ಲೂ ಬ್ಲೈತ್ ರೀಡ್ ವಾರ್ಬ್ಲರ್ ಮಣ್ಣು ಬಣ್ಣದ ಪುಟ್ಟ ಹಕ್ಕಿ, ತೂಕ 10-12 ಗ್ರಾಂ ಅಷ್ಟೇ. ಇದನ್ನು ಕಣ್ಣಿಗಿಂತ ಕಿವಿಯಿಂದ ಹುಡುಕಬೇಕು. ಲಂಟಾನ ಪೊದೆಯೊಳಗಿಂದ 'ಚಕ್... ಚಕ್' ಅಂತ ನಾಲಿಗೆ ಲೊಟ್ಟೆ ಹೊಡೆದ ಹಾಗೆ ಸದ್ದು ಬಂದರೆ ಅಲ್ಲೇ ನಿಲ್ಲಿ. ಹತ್ತು ನಿಮಿಷ ಅಲುಗಾಡದೆ ನಿಂತರೆ ಹಕ್ಕಿ ತಾನಾಗೇ ಪೊದೆಯ ಅಂಚಿಗೆ ಬರುತ್ತದೆ. ಹಾಡುಹಕ್ಕಿಗಳನ್ನು ನೋಡಲು ತಾಳ್ಮೆ ಬೇಕು, ದುಬಾರಿ ಕ್ಯಾಮೆರಾ ಅಲ್ಲ.

ಉಲಿಯಕ್ಕಿಯಂಥ ಸಣ್ಣ ಹಕ್ಕಿಗಳು ಜಾಸ್ತಿ ಪ್ರಯಾಣ ಮಾಡುವುದು ರಾತ್ರಿ. ಹಗಲು ಹುಳು ತಿಂದು ಸುಧಾರಿಸಿಕೊಳ್ಳುತ್ತವೆ. ಹಾಗಾಗಿ ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಹೋಗಿ. ದಾವಣಗೆರೆಯವರಿಗೆ ಕೊಂಡಜ್ಜಿ ಕೆರೆ, ಪಕ್ಕದ ಕಾಡು ಹತ್ತಿರ ಅಲ್ವಾ? ಅಲ್ಲಿ ಕೆರೆ ಏರಿಯ ತಂತಿಗಳನ್ನೂ ನೋಡಿ, ಕವಲುತೋಕೆಗಳು (ಸ್ವಾಲೋ ಹಕ್ಕಿಗಳು) ಸಾಲಾಗಿ ಕೂತಿರಬಹುದು.

ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಮಾತ್ರ ದಯವಿಟ್ಟು ಬೇಡ. ಸಾವಿರಾರು ಕಿಲೋಮೀಟರ್ ಹಾರಿ ದಣಿದು ಬಂದಿರುತ್ತವೆ.