ಕಪ್ಪು ದ್ರವ್ಯ ಇಲ್ಲದಿದ್ದರೆ ಗ್ಯಾಲಕ್ಸಿಗಳು ಹುಟ್ಟುತ್ತಿರಲಿಲ್ಲವೇ?

ಇಷ್ಟು ಬೇಗ, ಇಷ್ಟೊಂದು ಸಂಖ್ಯೆಯಲ್ಲಿ ಖಂಡಿತ ಹುಟ್ಟುತ್ತಿರಲಿಲ್ಲ. ಅಡ್ಡಿಯಾಗಿದ್ದದ್ದು ಬೆಳಕು! ಮಹಾಸ್ಫೋಟದ ನಂತರ ಸುಮಾರು 3,80,000 ವರ್ಷ ವಿಶ್ವವೆಲ್ಲ ಬಿಸಿ ಮಂಜು ಕವಿದಂತಿತ್ತು. ಸಾಮಾನ್ಯ ದ್ರವ್ಯ ಗುಂಪುಗೂಡಲು ಹೋದಾಗಲೆಲ್ಲ ಅದರೊಳಗೆ ಸಿಕ್ಕಿಕೊಂಡ ಬೆಳಕಿನ ಒತ್ತಡ ಅದನ್ನು ಚೆದುರಿಸುತ್ತಿತ್ತು. ಅದರ ಐದು ಪಟ್ಟಿನಷ್ಟಿರುವ, ಕಣ್ಣಿಗೆ ಕಾಣದ ಕಪ್ಪು ದ್ರವ್ಯಕ್ಕೆ ಬೆಳಕಿನ ಗೊಡವೆಯೇ ಇಲ್ಲ, ಗುರುತ್ವ ಒಂದೇ ಗೊತ್ತು. ಹಾಗಾಗಿ ಅದು ಮೊದಲೇ ಒಟ್ಟುಗೂಡಿ ಗುಂಡಿ ತೋಡಿಟ್ಟಿತು. ಬೆಳಕು ಬಿಡಿಸಿಕೊಂಡು ಹೊರಟ ಮೇಲೆ ಅನಿಲವು ಮಳೆನೀರು ತಗ್ಗಿಗೆ ಹರಿಯುವಂತೆ ಆ ಗುಂಡಿಗಳಿಗೆ ಇಳಿದು, ತಣಿದು, ನಕ್ಷತ್ರಗಳಾಯಿತು. ಆ ಬೆಳಕು ಇಂದಿಗೂ ಸೂಕ್ಷ್ಮತರಂಗಗಳಾಗಿ ನಮಗೆ ಸಿಗುತ್ತದೆ. ಅದರ ತಾಪದ ಏರುಪೇರು ಲಕ್ಷಕ್ಕೆ ಒಂದು ಪಾಲಿನಷ್ಟು. ಅಷ್ಟು ನುಣುಪಾಗಿದ್ದ ಅನಿಲ ತನ್ನಷ್ಟಕ್ಕೆ 1,380 ಕೋಟಿ ವರ್ಷಗಳಲ್ಲಿ ಗ್ಯಾಲಕ್ಸಿಯಾಗುವ ಲೆಕ್ಕ ಕೂಡುವುದೇ ಇಲ್ಲ.

ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುವ ಕಪ್ಪು ಶಕ್ತಿ ಈ ಒಟ್ಟುಗೂಡುವಿಕೆಗೆ ತಡವಾಗಿ ಬಂದ ಅಡ್ಡಗಾಲು. ಸುಮಾರು 500–600 ಕೋಟಿ ವರ್ಷಗಳಿಂದ ಹಿಗ್ಗುವಿಕೆ ಚುರುಕಾಗುತ್ತಿದೆ. ಗುರುತ್ವ ಈಗಾಗಲೇ ಕಟ್ಟಿಹಾಕಿದ್ದನ್ನು ಅದು ಬಿಡಿಸಲಾರದು: ನೆರೆಯ ಗ್ಯಾಲಕ್ಸಿ ಆಂಡ್ರೊಮಿಡಾ ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತಲೇ ಇದೆ. ಆದರೆ ಸುಮಾರು 5.4 ಕೋಟಿ ಜ್ಯೋತಿರ್ವರ್ಷ ಆಚೆಯ ಕನ್ಯಾ ಗ್ಯಾಲಕ್ಸಿಗುಚ್ಛ ನಮ್ಮನ್ನು ಎಳೆಯುತ್ತಿದ್ದರೂ ದೂರ ಸರಿಯುತ್ತಿದೆ; ಅದನ್ನು ನಾವು ಎಂದಿಗೂ ಸೇರುವುದಿಲ್ಲ.